ನೀಲವ್ವ ಹಾಕಿದ ಸಹಿ

“ಈ ಅಜ್ಜಿ ಇಲ್ಲಿಯವ್ರು, ಭಾರತದವ್ರು ಹೌದೇನ್ರಿ?”

ಬ್ಯಾಡಗಿಯ ನಮ್ಮ ಓಣಿಗೆ ನನ್ನ ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಪೊಲೀಸರು ನನ್ನತ್ತ ಕೈ ತೋರಿಸಿ ಕೇಳಿದ್ದು ಎದುರುಮನೆಯ ನೀಲವ್ವನನ್ನು. ಅವಳು ಸಾಕ್ಷಿ ಹೇಳದಿದ್ದರೆ ಪಾಸ್‌ಪೋರ್ಟ್ ಇಲ್ಲ. ಮಸ್ಕತ್‌ನಲ್ಲಿರುವ ಮಗಳ ಬಾಣಂತನಕ್ಕೆ ನಾನು ಹೋಗುವಂತಿಲ್ಲ. ನೀಲವ್ವನ ಬಾಗಿಲೆದುರು ಮೆಣಸಿನಕಾಯಿ ಒಣಹಾಕುತ್ತೇನೆಂದು ಜಗಳವಾಗಿ, ನಾವು ಮಾತು ಬಿಟ್ಟು ಮೂರು ವರ್ಷ.

ನೀಲವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಮೂವತ್ತು ವರ್ಷದಿಂದ ನನ್ನ ಬಾಗಲಾಗ ಮೆಣಸಿನಕಾಯಿ ಹರವಿ ಸೀನಸಾಕತ್ತಾಳ್ರಿ ಇಕಿ. ಇಲ್ಲಿಯಾಕಿ ಅಲ್ದ ಮತ್ಯಾವ ದೇಶದಾಕಿ? ಸಹಿ ಎಲ್ಲಿ ಹಾಕ್ಲಿ?”

ಪಾಸ್‌ಪೋರ್ಟ್ ಬಂತು. ಈ ಸಲ ಮೆಣಸಿನಕಾಯಿಯನ್ನು ನಮ್ಮ ಮಾಳಿಗೆಯ ಮೇಲೆಯೇ ಒಣಹಾಕಿದೆ. ಒಂದು ಹಿಡಿ ಮಾತ್ರ ಅವಳ ಬಾಗಿಲಲ್ಲಿ ಹರವಿದ್ದೇನೆ. ನಾನು ಮರಳಿ ಬರುವಷ್ಟರಲ್ಲಿ ಅವಳು ನನ್ನನ್ನು ಮರೆಯಬಾರದಲ್ಲ!