‘ತಡಿ’ ಎನ್ನುತ್ತಿದ್ದ ಅಕ್ಕ

ಪರದೇಶದ ಸೆಲ್ಲಿ ಓಕ್‌ನ ಬಾಡಿಗೆ ಮನೆಯಲ್ಲಿ ನನ್ನ ಪಕ್ಕದ ಕೋಣೆಯಲ್ಲಿದ್ದ ಧಾರವಾಡದ ಅಕ್ಕನಿಗೆ ಯಾವುದಕ್ಕೂ ಅವಸರವಿರಲಿಲ್ಲ. ಹಾಡು ಚೆನ್ನಾಗಿಲ್ಲ ಎಂದರೆ, ‘ತಡಿ ತಂಗಿ, ಪೂರಾ ಕೇಳು’ ಎನ್ನುತ್ತಿದ್ದಳು. ಅವಳು ಚಿತ್ರ ಬಿಡಿಸುವಾಗ ನಾನು ಇಣುಕಿದರೂ ಅದೇ ‘ತಡಿ.’

ಒಂದು ಸಂಜೆ ನಾನು ಮಿರ್ಚಿ ಕರಿಯಲು ಇಟ್ಟಿದ್ದ ಎಣ್ಣೆಗೆ ಬೆಂಕಿ ಹತ್ತಿತು. ನೀರಿನ ಜಗ್ ಎತ್ತಿದೆ. ‘ತಡಿ’ ಎಂದು ನನ್ನ ಕೈ ಹಿಡಿದವಳು ಒಲೆ ಆರಿಸಿ, ಬಾಣಲೆಗೆ ಮುಚ್ಚಳ ಮುಚ್ಚಿದಳು. ನೀರು ಸುರಿದಿದ್ದರೆ ಬೆಂಕಿ ನಮ್ಮ ಮುಖಕ್ಕೇ ಹಾರುತ್ತಿತ್ತು. ಆ ಜಗ್ ಈಗಲೂ ನನ್ನ ಕೈಯಲ್ಲೇ ಇದ್ದಂತಿದೆ.

ಅವಳೀಗ ಜಪಾನಿನಲ್ಲಿದ್ದಾಳೆ. ಕಥೆ, ಚಿತ್ರ, ಹಾಡುಗಳ ಬಗೆಗಿನ ಮಾತು ಎಲ್ಲವನ್ನೂ ಬ್ಲಾಗಿಗೆ ಹಾಕುತ್ತಾಳೆ. ಆ ಬೆಂಕಿಯ ನಂತರ ನಾನು ಏನನ್ನೂ ಕರಿದಿಲ್ಲವೆಂದು ಅವಳಿಗೆ ಬರೆದಿದ್ದೆ. ನಿನ್ನೆ ನಮ್ಮ ಆ ಅಡುಗೆಮನೆಯ ಚಿತ್ರ ಬಿಡಿಸಿ ಹಾಕಿದ್ದಾಳೆ: ಮುಚ್ಚಿದ ಬಾಣಲೆ, ಪಕ್ಕದಲ್ಲಿ ನಾನು. ಕೆಳಗೆ, ‘ತಡದಿದ್ದು ಸಾಕ ತಂಗಿ. ಇನ್ನ ಮುಚ್ಚಳಾ ತಗಿ.’

ಇವತ್ತು ಮೆಣಸಿನಕಾಯಿ ತಂದಿದ್ದೇನೆ.