ಹಾಡು ಬಿಟ್ಟು ರೊಟ್ಟಿ ಬಡಿಯದ ಮಲಕಮ್ಮ

ಮಹಾರಾಷ್ಟ್ರದ ಉಮರ್ಗಾ ಪಟ್ಟಣ ಬಿಟ್ಟು ದಾಳಿಂಬ ಎಂಬ ಊರಿನ ದಾರಿ ಹಿಡಿದರೆ ಎಡಗಡೆಗೆ ತಗಡಿನ ಒಂದು ಪತ್ರಾ ಶೆಡ್ಡು. ಬೆಳಗಿನ ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ಒಳಗೆ ಹನ್ನೊಂದು ಒಲೆಗಳಲ್ಲಿ ತೊಗರಿಕಟ್ಟಿಗೆ ಚಟಪಟ ಉರಿಯುತ್ತಿದೆ. ಮಲಕಮ್ಮ ಪರಾತದಲ್ಲಿ ಜೋಳದ ಹಿಟ್ಟಿಗೆ ಕುಳಿ ಮಾಡಿ ಕುದಿವ ಎಸರು ಹೊಯ್ಯುತ್ತಾರೆ, ಕೈ ಸುಡುವುದನ್ನು ಲೆಕ್ಕಿಸದೆ ನಾದುತ್ತಾರೆ. ಮೊದಲ ಉಂಡೆ ತಟ್ಟಿ ಬಡಿಯಲು ಶುರು ಮಾಡುತ್ತಾರೆ. ಎರಡು ಬಡಿತ ಬಲಗೈಯದು, ಒಂದು ತಿರುವು ಎಡಗೈಯದು. ಹತ್ತು ಜನ ಹೆಂಗಸರು ಆ ಬಡಿತಕ್ಕೆ ತಮ್ಮ ಬಡಿತ ಕೂಡಿಸುತ್ತಾರೆ. ಎಲ್ಲವೂ ಒಂದಾದಾಗ ಮಲಕಮ್ಮನ ಗಂಟಲು ತೆರೆಯುತ್ತದೆ.

ಓಣೆಲ್ಲ ಕೂಡ್ಯಾದ, ಒಂದ ಪಂಕ್ತಿಗಿ ಕುಂತಾದ,
ಉಂಡು ಕೈ ತೊಳೆದ ನೀರು ಹರಕೋತ
ಕೆಳಗಿನ ಹೊಲಕ ಬೆಳಿಯಾತ.

ಹತ್ತು ಗಂಟಲುಗಳು ಕೊನೆಯ ಸಾಲು ಎತ್ತಿಕೊಳ್ಳುತ್ತವೆ. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತದೆ. ರಸ್ತೆಯಲ್ಲಿ ಲಾರಿ ನಿಲ್ಲಿಸಿಕೊಂಡ ಚಾಲಕನೊಬ್ಬ ಇಂಜಿನ್ ಬಂದ್ ಮಾಡಿ ಕಿವಿಗೊಡುತ್ತಾನೆ. ಒಳಗಿನವರು ಅವನ ಕಡೆ ನೋಡುವುದಿಲ್ಲ. ಏಳು ಗಂಟೆಯೊಳಗೆ ಹೆದ್ದಾರಿಯ ಢಾಬಾಗಳಿಗೆ ನಾನೂರು ರೊಟ್ಟಿ ಹೋಗಬೇಕು, ಎಂಟಕ್ಕೆ ವಸತಿನಿಲಯಕ್ಕೆ ಮುನ್ನೂರು. ಮಧ್ಯಾಹ್ನದ ಹೊತ್ತಿಗೆ ಒಟ್ಟು ಸಾವಿರದ ನಾನೂರು ದಾಟುತ್ತದೆ. ಮಲಕಮ್ಮನ ಪಾಲಿಗೆ ನೂರಮೂವತ್ತು.

ಐವತ್ತಮೂರು ವಯಸ್ಸಿನ ಮಲಕಮ್ಮನದು ಕುರಿ ಕಾಯುವ ಮನೆತನ. ಹುಟ್ಟಿದ್ದು ಶಿರೂರ ಅನಂತಪಾಳದ ಹತ್ತಿರ. ಬೇಸಿಗೆಯಲ್ಲಿ ಮಂದೆಯ ಹಿಂದೆ ಅವ್ವನ ಕೈ ಹಿಡಿದು ನಡೆದದ್ದೇ ಅವರ ಶಾಲೆ. ಮೂರು ನಾಲ್ಕು ಕುಟುಂಬಗಳ ಕುರಿ ಒಂದು ಹೊಲದಲ್ಲಿ ಕೂಡಿದರೆ ಉಣ್ಣೆ ಕತ್ತರಿಸುವ ಕೆಲಸ ಶುರುವಾಗುತ್ತಿತ್ತು. ಗಂಡಸರ ಕೈಯಲ್ಲಿ ಕತ್ತರಿ, ಹೆಂಗಸರ ಮುಂದೆ ಒಲೆ. ಆ ದಿನ ಯಾರೂ ತಮ್ಮ ಗುಡಾರದಲ್ಲಿ ಬೇರೆ ಉಣ್ಣುತ್ತಿರಲಿಲ್ಲ. ಆಗ ಹಾಡುತ್ತಿದ್ದ ಹಾಡುಗಳು ಇವು.

"ಬೀರಪ್ಪನ ಹಾಡು ಬೀರಪ್ಪನ ಮುಂದ ಹಾಡ್ತೀವಿ ರೀ, ಅದು ಬ್ಯಾರೆ," ಎನ್ನುತ್ತಾರೆ ಮಲಕಮ್ಮ. "ಈ ಹಾಡಿನಾಗ ದೇವರಿಲ್ಲ. ರಾಜಾ ಇಲ್ಲ, ರಾಣಿ ಇಲ್ಲ. ಬರೇ ಮಂದಿ ಅದಾರ. ಕೂಡಿ ಉಂಡಾರ, ಕೂಡಿ ನಕ್ಕಾರ, ಅಷ್ಟೇ. ಇಷ್ಟರಾಗ ಹಾಡೂದೇನದ ಅಂತ ನನಗ ಭಾಳ ಮಂದಿ ಕೇಳ್ಯಾರ."

ಹದಿನೇಳಕ್ಕೆ ಭೀಮಶಾ ಅವರನ್ನು ಮದುವೆಯಾಗಿ ಉಮರ್ಗಾ ತಾಲೂಕಿನ ಹಳ್ಳಿಯೊಂದಕ್ಕೆ ಬಂದರು. ಇಪ್ಪತ್ತೆರಡಕ್ಕೆ ಭೂಕಂಪ. ಗಣಪತಿ ಕಳಿಸಿ ಊರು ಮಲಗಿತ್ತು. ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದವರ ಮೇಲೆ ಕೂತವು. ಭೀಮಶಾ ಕುರಿ ಹಟ್ಟಿಯಲ್ಲಿದ್ದುದರಿಂದ ಉಳಿದರು. ಮಲಕಮ್ಮನನ್ನು ಮಧ್ಯಾಹ್ನದ ಹೊತ್ತಿಗೆ ಹೊರತೆಗೆದರು. ಎಡ ಮುಂಗೈ ಮುರಿದಿತ್ತು. ಪಕ್ಕದಲ್ಲಿ ಮಲಗಿದ್ದ ಎರಡು ವರ್ಷದ ಮಗಳನ್ನು ಸಂಜೆಗೆ ತೆಗೆದರು. ಆ ಮಗುವಿನ ಹೆಸರನ್ನು ಮಲಕಮ್ಮ ಯಾರ ಮುಂದೆಯೂ ಹೇಳುವುದಿಲ್ಲ, ಕೇಳಿದರೆ ಹಿಟ್ಟಿನ ಕಡೆ ತಿರುಗುತ್ತಾರೆ. ಮುಂಗೈ ಸೊಟ್ಟಗೆ ಕೂಡಿಕೊಂಡಿದೆ. ಎಡಗೈಯಿಂದ ಬಡಿಯಲಾಗದೆ ತಿರುವಲು ಕಲಿತರು. ಈಗ ಶೆಡ್ಡಿನ ಎಲ್ಲರೂ ಬಡಿಯುವುದು ಅದೇ ಪದ್ಧತಿಯಲ್ಲಿ.

ಊರಾಚೆ ಪತ್ರಾ ಹಾಕಿ ಜನರನ್ನು ಇರಿಸಿದರು. ದೂರದ ಊರುಗಳಿಂದ ಲಾರಿಗಟ್ಟಲೆ ಬ್ರೆಡ್ಡು, ಅನ್ನ ಬರುತ್ತಿತ್ತು. ನಾಲ್ಕು ದಿನ ತಿಂದ ಜನ ಐದನೆಯ ದಿನ ರೊಟ್ಟಿ ಕೇಳಿದರು. ಯಾರೋ ಜೋಳದ ಚೀಲ ತಂದಿಳಿಸಿದರು, ಉಳಿದ ಹೆಂಗಸರು ಸಾಲಾಗಿ ಒಲೆ ಹೂಡಿ ಕೂತರು. ಮುಂಗೈಗೆ ಪಟ್ಟಿ ಕಟ್ಟಿದ್ದ ಮಲಕಮ್ಮ ಒಂದೇ ಕೈಯಲ್ಲಿ ಉಂಡೆ ಮಾಡಿ ಕೊಡುತ್ತಿದ್ದರು. ದಿನಕ್ಕೆ ಎರಡು ಮೂರು ಸಾವಿರ ರೊಟ್ಟಿ. ಇಡೀ ಸಾಲಿನಲ್ಲಿ ಮಾತು ಮಾತ್ರ ಇರಲಿಲ್ಲ.

"ಬಡಿಯೋ ಸಪ್ಪಳಾ ಒಂದೇ. ಅದೂ ಒಬ್ಬೊಬ್ರದು ಒಂದೊಂದ ಥರಾ. ಕೇಳಿ ಕೇಳಿ ತಲಿ ಕೆಟ್ಟೋತು," ಎಂದು ನೆನೆಯುತ್ತಾರೆ. "ಹಿಂಗೇ ಇದ್ರ ಉಳದವರೂ ಸತ್ತಂಗೇ ಅಂತ ಅನಸ್ತು."

ಹತ್ತೊಂಬತ್ತನೆಯ ದಿನ ಅವರು ಹಾಡು ಎತ್ತಿದರು. ಒಂದು ಸಾಲು ಮುಗಿಯುವುದರೊಳಗೆ ಊರಿನ ಹಿರಿಯರೊಬ್ಬರು ಪತ್ರಾದ ಬಾಗಿಲಿಗೆ ಬಂದು ನಿಂತರು. "ಮನಿಮನಿಗಿ ಹೆಣಾ ಬಿದ್ದಾವ, ನೀ ಕೂಡಿ ನಕ್ಕಿದ್ದು ಹಾಡತಿ ಏನು? ಹಾಡಲೇಬೇಕಂದ್ರ ಭಜನಾ ಹಾಡು. ಸತ್ತವರಿಗಾದ್ರೂ ಮುಟ್ಟತದ," ಎಂದರು. ಭೀಮಶಾ ನಾಚಿಕೆಯಿಂದ ಎದ್ದು ಹೊರಗೆ ಹೋದರು. ಮಲಕಮ್ಮ ಹೇಳಿದರು, "ಸತ್ತವರಿಗಿ ಭಜನಾ ಆಗ್ಯಾವ ರೀ, ದಿನಾ ಆಗ್ತಾವ. ಇದು ಇದ್ದವರಿಗಿ."

ಆ ಸಾಲಿನ ತುದಿಯಲ್ಲಿ ಅಂಬುಬಾಯಿ ಎಂಬ ಅಜ್ಜಿ ಕೂತಿದ್ದರು. ಏಳು ಜನರ ಮನೆಯಲ್ಲಿ ಉಳಿದದ್ದು ಅವರೊಬ್ಬರೇ. ಬಂದಾಗಿನಿಂದ ಬಾಯಿ ಬಿಟ್ಟಿರಲಿಲ್ಲ. ಅವರು ರೊಟ್ಟಿಯ ಮೇಲಿಂದ ಕಣ್ಣೆತ್ತದೆ, "ತಪ್ಪು ಹಾಡ್ಲತ್ತಿ," ಎಂದರು. ಎಲ್ಲರೂ ಅತ್ತ ತಿರುಗಿದರು. "ಕೆಳಗಿನ ಹೊಲಾ ಅಲ್ಲ ಅದು, ಪಕ್ಕದ ಹೊಲಾ. ನನ್ನ ಸೊಸೆಂದಿರು ಹಂಗ ಹಾಡ್ತಿದ್ರು." ಆಮೇಲೆ ಒಡಕು ದನಿಯಲ್ಲಿ ಆ ಸಾಲನ್ನು ತಮ್ಮ ಸೊಸೆಯರು ಹಾಡುತ್ತಿದ್ದಂತೆ ಹಾಡಿ ತೋರಿಸಿದರು. ಹಾಡುತ್ತಲೇ ಅತ್ತರು. ಅವರ ಪಕ್ಕದವರು ಹಾಡಿದರು, ಅವರೂ ಅತ್ತರು. ರೊಟ್ಟಿ ಬಡಿಯುವುದು ನಿಲ್ಲಲಿಲ್ಲ. ಹಿರಿಯರು ಬಾಗಿಲಿನಿಂದ ಹೊರಟು ಹೋದರು.

ಅಲ್ಲಿಗೆ ಎಲ್ಲ ಸರಿಹೋಯಿತೆಂದಲ್ಲ. ವರ್ಷದವರೆಗೆ ಊರಿನಲ್ಲಿ ಹಾಡಿಲ್ಲ, ಹಲಗೆ ವಾದ್ಯವಿಲ್ಲ ಎಂದು ಪಂಚರು ಗೊತ್ತು ಮಾಡಿದರು. ಭಜನೆಗೆ ಮಾತ್ರ ಪರವಾನಗಿ. ಮಲಕಮ್ಮ ಒಲೆಯ ಮುಂದೆ ಕೂತಾಗಲೆಲ್ಲ ಹಾಡಿದರು. ಮಗಳು ಸತ್ತ ತಾಯಿಗೆ ನಗುವ ಹಾಡು ಹೇಗೆ ಬರುತ್ತದೆ ಎಂದು ಬೆನ್ನ ಹಿಂದೆ ಆಡಿಕೊಂಡರು. ಎರಡು ಮದುವೆಗೆ ಅವರ ಮನೆಗೆ ಅಕ್ಷತೆ ಬರಲಿಲ್ಲ. "ಒಳಗ ಸುಡತಿತ್ತು. ಸುಟ್ರ ಸುಡಲಿ ಅಂದೆ," ಎನ್ನುತ್ತಾರೆ ಅವರು. "ಆ ಕೂಸಿಗಿ ಈ ಹಾಡು ಹಾಡೇ ಮಲಗಸ್ತಿದ್ದೆ. ಹಾಡು ಬಿಟ್ರ ಆಕಿನ್ನ ಎರಡನೇ ಸಲಾ ಹುಗದಂಗ ಆಗತಿತ್ತು."

ಹೊಸ ಊರು ಕಟ್ಟಿ ಕೊಟ್ಟ ಮೇಲೆ ಕುರಿ ಮೇಯಿಸಲು ಬಯಲು ಉಳಿಯಲಿಲ್ಲ. ಭೀಮಶಾ ಮಂದೆ ಮಾರಿ ಉಮರ್ಗಾದ ಅಡತಿ ಅಂಗಡಿಯಲ್ಲಿ ಕಾಳಿನ ಚೀಲ ಹೊರಲು ಬಂದರು. ಗಂಡನ ಹಿಂದೆ ಬಂದ ಮಲಕಮ್ಮ ಮನೆಮನೆಗೆ ಹೋಗಿ ರೊಟ್ಟಿ ಬಡಿದರು. ಗಂಡ ಸತ್ತು ಒಬ್ಬರೇ ಬದುಕುತ್ತಿದ್ದ ಕಸ್ತೂರಬಾಯಿಯ ಪರಿಚಯವಾದದ್ದು ಹಾಗೆ. ಇಬ್ಬರೂ ಸೇರಿ ಬಚತ ಗಟ, ಅಂದರೆ ಹೆಂಗಸರ ಉಳಿತಾಯದ ಗುಂಪು, ಕಟ್ಟಿದರು. ಬಸ್ ಸ್ಟ್ಯಾಂಡಿನ ಹತ್ತಿರ ಕಾಳಿನ ವ್ಯಾಪಾರಿ ರೇವಣಸಿದ್ಧ ಶೇಟರ ಕಟ್ಟಡದ ಹಿಂಬದಿಯ ಖೋಲಿ ಬಾಡಿಗೆಗೆ ಸಿಕ್ಕಿತು. ಮೂರು ಒಲೆಯಿಂದ ಶುರುವಾದದ್ದು ಹನ್ನೊಂದಕ್ಕೆ ಬೆಳೆಯಿತು. ಮರಾಠಿಯವರು, ಕನ್ನಡದವರು, ಉರ್ದು ಮಾತಾಡುವವರು ಕೂತರು. ಹಾಡಿಗೆ ಮೂರೂ ಭಾಷೆಯ ಸಾಲು ಸೇರಿದವು. ಹದಿನಾಲ್ಕು ವರ್ಷ ಯಾರೂ ಏನೂ ಅನ್ನಲಿಲ್ಲ.

ಹೋದ ವರ್ಷ ಮೇಲಿನ ಮಹಡಿಗೆ ಕೋಚಿಂಗ್ ಕ್ಲಾಸು ಬಂತು. ಬೆಳಗಿನ ಆರಕ್ಕೆ ಮೊದಲ ತಂಡ. ಹತ್ತು ದಿನಕ್ಕೆ ದೂರು ಹೋಯಿತು. ಶೇಟರು ಕೆಟ್ಟ ಮನುಷ್ಯರಲ್ಲ, ಮಲಕಮ್ಮನೇ ಅದನ್ನು ಮೊದಲು ಹೇಳುತ್ತಾರೆ. ಖೋಲಿಯ ಬಾಗಿಲಿಗೆ ತಾವೇ ಬಂದು ಮಾತಾಡಿದರು.

"ಮಲಕಮ್ಮ, ರೊಟ್ಟಿ ಬಡೀರಿ, ಬ್ಯಾಡ ಅನ್ನಂಗಿಲ್ಲ. ಹಾಡಷ್ಟು ಬಿಡ್ರಿ."

"ಹಾಡಿಲ್ದ ಕೈ ನಡೆಂಗಿಲ್ಲ ಶೇಟರ."

"ಹಂಗಾರ ವಚನಾ ಹಾಡ್ರಿ, ಭಜನಾ ಹಾಡ್ರಿ. ದೇವರ ಹಾಡಂದ್ರ ಮ್ಯಾಲಿನವರಿಗಿ ನಾ ಹೇಳ್ತೀನಿ. ಅವರಿಗೂ ಬಾಯಿ ಬರಂಗಿಲ್ಲ. ಇವು ಎಂಥಾ ಹಾಡು, ಉಂಡೀವಿ, ನಕ್ಕೀವಿ ಅಂತ."

ಮೂವತ್ತು ವರ್ಷದ ಹಿಂದೆ ಪತ್ರಾದ ಬಾಗಿಲಲ್ಲಿ ಕೇಳಿದ ಮಾತೇ ಇದು ಎಂದು ಮಲಕಮ್ಮನಿಗೆ ಅನ್ನಿಸಿತು. ದೇವರನ್ನು ಮುಂದಿಟ್ಟುಕೊಂಡರೆ ಹೆಂಗಸರ ದನಿಗೆ ಜಾಗವಿದೆ. ತಮ್ಮ ಸುಖವನ್ನು ತಾವೇ ಹಾಡಿದರೆ ಗದ್ದಲ. ಆದರೆ ಹತ್ತು ಜನರ ಹೊಟ್ಟೆಯ ಪ್ರಶ್ನೆ ಇತ್ತು. "ನೋಡತೀವಿ ರೀ," ಎಂದು ಕಳಿಸಿದರು. ಮರುದಿನದಿಂದ ಬಾಯಿ ಮುಚ್ಚಿ ಬಡಿದರು.

ನಾಲ್ಕು ದಿನ ನಡೆಯಿತು ಅದು. ಒಬ್ಬರ ರೊಟ್ಟಿ ದಪ್ಪ, ಇನ್ನೊಬ್ಬರದು ಹರಿದದ್ದು. ಕಸ್ತೂರಬಾಯಿ ಹಂಚಿಗೆ ಕೈ ತಾಗಿಸಿಕೊಂಡರು. ಸಾವಿರದ ನಾನೂರು ಇದ್ದದ್ದು ಸಾವಿರಕ್ಕೆ ಇಳಿಯಿತು, ಢಾಬಾದವರು ಫೋನು ಮಾಡತೊಡಗಿದರು. ಸುಮ್ಮನೆ ಕೂತವರ ನಡುವೆ ಇಲ್ಲದ ಜಗಳ ಹುಟ್ಟಿತು. ಹಿಟ್ಟು ಯಾರು ಹೆಚ್ಚು ತೆಗೆದುಕೊಂಡರು, ಕಟ್ಟಿಗೆ ಯಾರು ಕಡಿಮೆ ತಂದರು ಎಂದು ಮಾತು ಬೆಳೆಯಿತು. ಐದನೆಯ ದಿನ ಕಸ್ತೂರಬಾಯಿ ಕೈಗೆ ಸುತ್ತಿದ್ದ ಬಟ್ಟೆ ತೋರಿಸಿ ಹೇಳಿದರು, "ಯಕ್ಕಾ, ನೀ ಭೂಕಂಪದಾಗ ಸುಮ್ಮ ಕುಂತಿಲ್ಲ. ಈಗ ಕ್ಲಾಸಿಗಿ ಅಂಜಿ ಸುಮ್ಮ ಕುಂದರತಿ ಏನು?"

ಅದೇ ಸಂಜೆ ಮಲಕಮ್ಮ ಶೇಟರ ಅಂಗಡಿಗೆ ಹೋಗಿ ಬೀಗದ ಕೈ ಇಟ್ಟರು. "ನೀವು ನಮಗ ಹೋಗು ಅಂದಿಲ್ಲ. ನಾವೇ ಹೊಂಟೀವಿ," ಎಂದರು. ಶೇಟರು ಬೆರಗಾದರು. "ಒಂದು ಹಾಡಿನ ಸಲುವಾಗಿ ಇಂಥಾ ಜಾಗಾ ಬಿಡತೀರಿ ಏನು? ಬಜಾರದಾಗ ಇದು ತಿರಗಿ ಸಿಗಂಗಿಲ್ಲ."

"ಜಾಗಾ ಸಿಗತದ ರೀ. ಹನ್ನೊಂದು ಮಂದಿ ಮನಸ ಒಮ್ಮೆ ಚದುರಿದ್ರ ಸಿಗಂಗಿಲ್ಲ."

ದಾಳಿಂಬದ ದಾರಿಯಲ್ಲಿ ಸೋಯಾಬೀನು ತುಂಬಿಡಲು ಯಾರೋ ಹಾಕಿ ಬಿಟ್ಟಿದ್ದ ಈ ಶೆಡ್ಡು ಸಿಕ್ಕಿತು. ನೀರಿಲ್ಲ, ಗೋಡೆ ಮೂರೇ. ಒಂದು ರವಿವಾರ ಹಾಡಹಗಲೇ ಎರಡು ಟೆಂಪೋದಲ್ಲಿ ಹಂಚು, ಪರಾತ, ಹಿಟ್ಟಿನ ಡಬ್ಬಿ ಹೇರಿಕೊಂಡು ಬಜಾರದ ನಟ್ಟನಡುವೆ ಹೊರಟರು. ಸುಮ್ಮನೆ ಹೋಗಲಿಲ್ಲ. ಹಂಚಿನ ಮೇಲೆ ಸೌಟು ಬಡಿಯುತ್ತ ಆಗಲೇ ಕಟ್ಟಿದ ಸಾಲು ಹಾಡುತ್ತ ಹೋದರು.

ಹಂಚು ಹೊತ್ತೀವಿ, ಹಿಟ್ಟು ಹೊತ್ತೀವಿ, ಹಾದಿ ಬಿಡ್ರಪ್ಪೋ,
ಹಾಡೂ ನಮ್ಮ ಜೋಡಿ ಬಂದಾದ, ಅದಕೂ ಹಾದಿ ಬಿಡ್ರಪ್ಪೋ.

ಸಂತೆಗೆ ಬಂದ ಹಳ್ಳಿಯ ಹೆಂಗಸರು ಬುಟ್ಟಿ ಕೆಳಗಿಟ್ಟು ದನಿ ಕೂಡಿಸಿದರು. ಯಾರೋ ಮೊಬೈಲಿನಲ್ಲಿ ಹಿಡಿದರು. ವಾರದೊಳಗೆ ನಿಲಂಗಾ, ಉದಗೀರದ ರೊಟ್ಟಿ ಕೇಂದ್ರಗಳವರೂ ಅದಕ್ಕೆ ತಮ್ಮ ಸಾಲು ಸೇರಿಸಿ ಹಾಡತೊಡಗಿದ್ದರು. ಮೊದಲ ಎರಡು ತಿಂಗಳು ಕಷ್ಟವಾಯಿತು. ಬಜಾರದ ಗಿರಾಕಿ ತಪ್ಪಿದರು, ನೀರನ್ನು ಕೊಡದಲ್ಲಿ ಹೊತ್ತು ತಂದರು, ಮಳೆ ಬಂದರೆ ನಾಲ್ಕನೆಯ ಗೋಡೆಗೆ ತಾಡಪತ್ರಿ ಕಟ್ಟಿದರು. ಆದರೆ ಕೆಲಸ ಬಿಟ್ಟು ಹೋದವರು ಒಬ್ಬರೂ ಇಲ್ಲ. ರೇವಣಸಿದ್ಧ ಶೇಟರ ಮನೆಗೆ ಈಗಲೂ ದಿನಾ ಇಪ್ಪತ್ತು ರೊಟ್ಟಿ ಹೋಗುತ್ತವೆ.

ಆ ಮೊಬೈಲಿನ ಹಾಡು ಕೇಳಿ ಒಂದು ಉತ್ಸವದ ಕಾರ್ಯಕರ್ತರು ಶೆಡ್ಡಿಗೆ ಬಂದಿದ್ದರು. ವೇದಿಕೆಗೆ ಮಲಕಮ್ಮ ಒಬ್ಬರೇ ಬರಬೇಕು, ಶಾಲು ಹೊದಿಸುತ್ತೇವೆ, ಬೇಕಾದರೆ ಹಿಂದೆ ಇಬ್ಬರು ನಿಲ್ಲಲಿ ಎಂದರು. ಉಳಿದವರೂ ಹೋಗಿ ಬಾ ಎಂದೇ ಒತ್ತಾಯಿಸಿದರು. ಮಲಕಮ್ಮ ಬಂದವರಿಗೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಕೊಟ್ಟು ಕಳಿಸಿದರು.

"ಒಬ್ಬಾಕೀನೇ ನಿಂತು ನಾವೆಲ್ಲಾ ಕೂಡೀವಿ ಅಂತ ಹಾಡಿದ್ರ ಸುಳ್ಳಾಗ್ತದ ರೀ," ಎನ್ನುತ್ತಾರೆ. "ಹನ್ನೊಂದೂ ಮಂದಿಗಿ ಜಾಗಾ ಮಾಡ್ರಿ, ಬರ್ತೀವಿ ಅಂದೆ. ಅವರು ವಿಚಾರ ಮಾಡತೀವಿ ಅಂದಾರ. ಮಾಡ್ಲಿ."

ಹಾಗಾದರೆ ನಿಮಗೆ ಬೇಕಾದದ್ದೇನು ಎಂದು ಕೇಳಿದರೆ ಮಲಕಮ್ಮ ಶೆಡ್ಡಿನ ಕಡೆ ಕೈ ತೋರುತ್ತಾರೆ. ಜಳಕೋಟದ ಕಡೆಯ ಒಂಬತ್ತು ಜನ ಹೆಂಗಸರು ಕೆಲಸ ಕೇಳಿಕೊಂಡು ಬಂದಿದ್ದಾರಂತೆ, ಅವರಿಗೂ ಒಲೆ ಹೂಡುವಷ್ಟು ಶೆಡ್ಡು ಬೆಳೆದರೆ ಸಾಕಂತೆ. ಅವರಿಗೆಲ್ಲ ಹಾಡಲು ಬರುತ್ತದೆಯೇ? ಮಲಕಮ್ಮ ಹಿಟ್ಟಿನ ಕೈ ಕೊಡವುತ್ತಾರೆ.

"ಬರದಿದ್ರ ರೊಟ್ಟಿ ಬಡ್ಕೋತ ಕುಂದರಲಿ, ಬರ್ತದ. ನಾವು ಹೆಂಗಸರು ಕೂಡೀವಿ, ಖುಷಿ ಅದೀವಿ ಅಂತ ರಸ್ತಾದಾಗ ಹೋಗೋರಿಗಿ ಕೇಳಸಬೇಕು. ಹನ್ನೊಂದು ಮಂದೀದು ಆ ಢಾಬಾದ ತನಕ ಕೇಳಸ್ತದ. ಇಪ್ಪತ್ತಾದ್ರ ದಾಳಿಂಬಕ್ಕ ಕೇಳಸ್ತದ."