ಸುಶೀಲಳ ಹಳೆ ಮಿಕ್ಸಿ

ಹಳೆ ಮಿಕ್ಸಿ ತಂದರೆ ಹೊಸದಕ್ಕೆ ರಿಯಾಯಿತಿ ಅಂತ ನಮ್ಮ ಬೈಂದೂರಿನ ಅಂಗಡಿಯಲ್ಲಿ ಬೋರ್ಡು ಹಾಕಿದ್ದೆವು. ಯಡ್ತರೆಯ ಅಮ್ಮ ಒಬ್ಬರು ತಮ್ಮದನ್ನು ಹೊತ್ತು ತಂದರು. ಅವರಿಗೆ ದೊಡ್ಡ ಜಾರಿನದ್ದು ಬೇಕಿತ್ತು. ಹಳೆಯದನ್ನು ಚೆನ್ನಾಗಿ ಒರೆಸಿದ್ದರು. ಆಯುಧಪೂಜೆಯ ಕುಂಕುಮ ಮಾತ್ರ ಹಾಗೇ ಇತ್ತು.

“ಹ್ವಾಯ್, ಇದನ್ನ ನೀವ್ ಎಂತ ಮಾಡ್ತ್ರಿ?”

“ಒಡ್ದ್ ಗುಜ್ರಿಗೆ ಹಾಕ್ತ್ರ್ ಅಮ್ಮ,” ಅಂದೆ.

“ತಿರ್ಗುದ್ನ ಒಡಿತ್ರಾ!” ಅಂದವರೇ ಮಿಕ್ಸಿಯನ್ನು ಎದೆಗೆ ಒತ್ತಿಕೊಂಡರು. ಸ್ವಲ್ಪ ಯೋಚಿಸಿ, “ಕೆಟ್ಟದ್ದ್ ತಂದ್ರೂ ಆತ್ತಾ?” ಅಂತ ಕೇಳಿದರು.

ಎಂಥದ್ದಾದರೂ ಆಗುತ್ತದೆ ಅಂತ ಬೋರ್ಡಿನಲ್ಲಿ ಬರೆಸಿದವನೇ ನಾನು. “ಆತ್ತ್” ಅಂದೆ.

ಸಂಜೆ ಸುಟ್ಟ ವಾಸನೆ ಹೊಡೆಯುವ ಒಂದು ಮಿಕ್ಸಿ ತಂದು ಮೇಜಿನ ಮೇಲಿಟ್ಟರು. “ಇದ್ ಪಕ್ಕದ್ಮನಿ ಸುಶೀಲಂದ್. ನಂದ್ ಅವ್ಳಿಗ್ ಕೊಟ್ಟೆ. ಇದನ್ನ ಬೇಕಾರೆ ಒಡ್ಕಣಿ.”

ಹೊಸದನ್ನು ಕಟ್ಟಿಕೊಟ್ಟೆ. ಒಂದು ವ್ಯಾಪಾರ ಆಯಿತಲ್ಲ ಅಂತ ಖುಷಿಯೂ ಪಟ್ಟೆ. ಅವರು ಹೋದ ಮೇಲೆ ಸುಶೀಲ ಯಾರು ಅಂತ ಹೊಳೆಯಿತು. ಹಿಂದಿನ ವಾರ ಕೆಂಪು ಮಿಕ್ಸಿ ಆರಿಸಿ, “ತೆಗ್ದಿಡಿ, ಶನಿವಾರ ಬತ್ತೆ” ಅಂದು ಹೋದವರು ಅವರೇ.

ಈಗ ದಿನಾ ಬೆಳಿಗ್ಗೆ ಆ ಕೆಂಪು ಮಿಕ್ಸಿಯ ಧೂಳು ಒರೆಸುವುದು ನನ್ನ ಕೆಲಸ.